ಮನೆಗೊಂದು ಪಿಸ್ತೂಲು: ಆಯ್ಕೆಗಿಂತ ಮೊದಲು ಅಭ್ಯಾಸದ ಪ್ರಶ್ನೆ

ಬೆಂಗಳೂರು: ಒಂಟಿ ಮನೆಯಲ್ಲಿದ್ದ ವೃದ್ಧ ದಂಪತಿಯ ಮೇಲೆ ಹಲ್ಲೆ, ತೋಟದ ಮನೆಯಲ್ಲಿ ದರೋಡೆ, ಉದ್ಯಮಿಗೆ ಬೆದರಿಕೆ ಕರೆ. ಇಂತಹ ಸುದ್ದಿ ಪ್ರಕಟವಾದಾಗಲೆಲ್ಲ ನಗರದ ಅನುಕೂಲಸ್ಥ ಕುಟುಂಬಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಮನೆಯಲ್ಲೊಂದು ಪಿಸ್ತೂಲು ಇದ್ದರೆ ಒಳ್ಳೆಯದಲ್ಲವೆ?’ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ಯಾವುದು ಒಳ್ಳೆಯ ಪಿಸ್ತೂಲು?’ ವಾರಕ್ಕೊಮ್ಮೆ ಶೂಟಿಂಗ್ ರೇಂಜ್‌ಗೆ ಹೋಗಿ ಗುರಿ ಅಭ್ಯಾಸ ಮಾಡಬೇಕು, ರಾತ್ರಿ ಮನೆಯ ಕಾವಲಿಗೂ ಅದೇ ಒದಗಬೇಕು ಎಂಬುದು ಬಹುತೇಕರ ಅಪೇಕ್ಷೆ.

ಮೇಲ್ನೋಟಕ್ಕೆ ಇದು ಕಾರು ಅಥವಾ ಕ್ಯಾಮೆರಾ ಕೊಳ್ಳುವಾಗಿನ ಲೆಕ್ಕಾಚಾರದಂತೆ ತೋರಬಹುದು. ಆದರೆ ಭಾರತದಲ್ಲಿ ಪಿಸ್ತೂಲಿನ ಆಯ್ಕೆ ಅಂಗಡಿಯಲ್ಲಿ ಆರಂಭವಾಗುವುದಿಲ್ಲ. ಯಾರು ಕೊಳ್ಳಬಹುದು, ಎಷ್ಟು ಬೋರಿನದು ಕೊಳ್ಳಬಹುದು, ಎಷ್ಟು ಗುಂಡು ಇಟ್ಟುಕೊಳ್ಳಬಹುದು ಎಂಬುದನ್ನು ಕಾನೂನು ಮೊದಲೇ ತೀರ್ಮಾನಿಸಿರುತ್ತದೆ. ಅದರ ಬಳಿಕ ಗ್ರಾಹಕನ ವಿವೇಚನೆಗೆ ಉಳಿಯುವುದು ಕೆಲವೇ ಅಂಶಗಳು. ಆ ಪೈಕಿ ಅತಿ ಮುಖ್ಯವಾದುದು ಪಿಸ್ತೂಲಿನ ಹೆಸರಲ್ಲ, ಅದನ್ನು ಹಿಡಿಯುವ ಕೈಗೆ ದೊರೆಯುವ ತರಬೇತಿ.

ಪರವಾನಗಿಯ ಬಾಗಿಲು

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಹೊಂದುವುದು ಅಪರಾಧ. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ನಿಯಮಗಳನ್ನು ಮತ್ತಷ್ಟು ಬಿಗಿಗೊಳಿಸಿತು. ಅದುವರೆಗೆ ಒಬ್ಬ ವ್ಯಕ್ತಿ 3 ಬಂದೂಕುಗಳನ್ನು ಹೊಂದಬಹುದಿತ್ತು. ಅದನ್ನು ಒಂದಕ್ಕೆ ಇಳಿಸುವ ಪ್ರಸ್ತಾವ ಮಸೂದೆಯಲ್ಲಿತ್ತಾದರೂ ಅಂತಿಮವಾಗಿ ಮಿತಿ 2ಕ್ಕೆ ನಿಂತಿತು. ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಲಾಯಿತು.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಬೆಂಗಳೂರಿನಂತಹ ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರು, ಉಳಿದೆಡೆ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿ ಪರವಾನಗಿ ನೀಡುವ ಅಧಿಕಾರ ಹೊಂದಿರುತ್ತಾರೆ. ಪೊಲೀಸ್ ವರದಿ ಇಲ್ಲದೆ ಕಡತ ಮುಂದೆ ಸಾಗುವುದಿಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳು ಸಾಮಾನ್ಯ ಬೋರಿನ ಆಯುಧಕ್ಕೆ ಮೂರು ಬಗೆಯ ಅರ್ಜಿದಾರರನ್ನು ಗುರುತಿಸುತ್ತವೆ. ವೃತ್ತಿ, ವ್ಯವಹಾರ ಅಥವಾ ಇತರ ಕಾರಣದಿಂದ ಜೀವ ಇಲ್ಲವೆ ಆಸ್ತಿಯ ರಕ್ಷಣೆಯ ನೈಜ ಅಗತ್ಯವುಳ್ಳವರು ಮೊದಲನೆಯವರು. ಅಂಗೀಕೃತ ಶೂಟಿಂಗ್ ಕ್ಲಬ್ ಅಥವಾ ರೈಫಲ್ ಸಂಸ್ಥೆಯಲ್ಲಿ 2 ವರ್ಷದಿಂದ ಸಕ್ರಿಯ ಸದಸ್ಯರಾಗಿರುವ ಕ್ರೀಡಾಪಟುಗಳು ಎರಡನೆಯವರು. ಸೇನೆ, ಅರೆಸೇನೆ ಅಥವಾ ಪೊಲೀಸ್ ಸೇವೆಯಲ್ಲಿದ್ದು ಅಗತ್ಯ ತೋರಿಸಬಲ್ಲವರು ಮೂರನೆಯವರು. ರೇಂಜ್ ಮತ್ತು ಮನೆ ಎಂಬ ಎರಡು ಉದ್ದೇಶಗಳನ್ನು ಕಾನೂನೇ ಬೇರೆಬೇರೆ ಸಾಲಿನಲ್ಲಿ ನಿಲ್ಲಿಸಿರುವುದು ಇಲ್ಲಿ ಗಮನಾರ್ಹ. ‘ಎರಡಕ್ಕೂ ಇರಲಿ’ ಎಂಬ ಅಸ್ಪಷ್ಟ ಅರ್ಜಿಗೆ ಹೆಚ್ಚಿನ ಬೆಲೆ ಇರುವುದಿಲ್ಲ.

ಆಯುಧ ಹೊಂದುವುದು ಹಕ್ಕೇ ಎಂಬ ವಾದವೂ ಆಗಾಗ ಕೇಳಿಬರುತ್ತದೆ. 2023ರ ಫೆಬ್ರುವರಿಯಲ್ಲಿ ಪರವಾನಗಿ ಇಲ್ಲದ ಬಂದೂಕುಗಳ ಪ್ರಕರಣವೊಂದರ ವಿಚಾರಣೆ ನಡೆಸಿದ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಅಮೆರಿಕದಂತೆ ಭಾರತದ ಸಂವಿಧಾನ ಇದನ್ನು ಮೂಲಭೂತ ಹಕ್ಕಾಗಿ ನೀಡಿಲ್ಲವೆಂದು ಸ್ಪಷ್ಟಪಡಿಸಿತ್ತು.

ಪಾಯಿಂಟ್ 32ರ ಗಡಿ

ಅಂತರ್ಜಾಲದಲ್ಲಿ ದೊರೆಯುವ ಪಿಸ್ತೂಲು ಸಲಹೆಗಳಲ್ಲಿ ಬಹುಪಾಲು ಅಮೆರಿಕದ್ದು. ಮನೆಯೊಳಗೆ ಆತ್ಮರಕ್ಷಣೆಗಾಗಿ ಕೈಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಹಕ್ಕೆಂದು ಎತ್ತಿಹಿಡಿದಿದೆ. ಅಲ್ಲಿನ ಅಂಗಡಿಗಳಲ್ಲಿ 9 ಮಿ.ಮೀ. ಪಿಸ್ತೂಲು ಸಾಮಾನ್ಯ ಸರಕು. ಭಾರತದಲ್ಲಿ ಅದು ನಿಷೇಧಿತ ಬೋರ್. ಪಾಯಿಂಟ್ 38 ಹಾಗೂ ಪಾಯಿಂಟ್ 455 ಕೂಡ ಅದೇ ಪಟ್ಟಿಯಲ್ಲಿವೆ. ಸೇನೆ ಮತ್ತು ಪೊಲೀಸರ ಮದ್ದುಗುಂಡು ನಾಗರಿಕರ ಬಂದೂಕಿಗೆ ಹೊಂದಿಕೊಳ್ಳಬಾರದೆಂಬ ಬ್ರಿಟಿಷ್ ಕಾಲದ ಎಚ್ಚರಿಕೆ ಇದರ ಮೂಲ. ಹೀಗಾಗಿ ಅಮೆರಿಕದ ಸಲಹೆಯನ್ನು ನಂಬಿ ಬೆಂಗಳೂರಿನಲ್ಲಿ ಅಂಗಡಿಗೆ ಹೋದವರಿಗೆ ನಿರಾಸೆ ಖಚಿತ.

ಸಾಮಾನ್ಯ ಪರವಾನಗಿದಾರನಿಗೆ ಉಳಿಯುವುದು ಮುಖ್ಯವಾಗಿ ಪಾಯಿಂಟ್ 32 ಬೋರ್, ಅಂದರೆ 7.65 ಮಿ.ಮೀ. ಇದರಲ್ಲಿಯೂ ಎರಡು ಬಗೆಯ ಗುಂಡುಗಳಿವೆ. ಮ್ಯಾಗಜಿನ್ ಇರುವ ಪಿಸ್ತೂಲಿಗೆ ಬಳಸುವ ಗಿಡ್ಡ ಗುಂಡನ್ನು ಅಮೆರಿಕದ ಜಾನ್ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದರು. ಸುತ್ತುಗೂಡಿನ ರಿವಾಲ್ವರ್‌ಗೆ ಬೇಕಾದ ಉದ್ದ ಗುಂಡು ಬೇರೆ. ಒಂದರ ಗುಂಡು ಇನ್ನೊಂದಕ್ಕೆಂದು ತಯಾರಾದುದಲ್ಲ. ಪಿಸ್ತೂಲಿನ ಪಾಯಿಂಟ್ 32 ಗುಂಡಿನ ಶಕ್ತಿ 9 ಮಿ.ಮೀ. ಗುಂಡಿನ ಅರ್ಧಕ್ಕಿಂತ ಕಡಿಮೆ ಎಂಬುದು ನಿಜ.

ಆದರೆ ಬೋರ್ ಚಿಕ್ಕದಾದ ಮಾತ್ರಕ್ಕೆ ಆಯುಧ ಕೀಳಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳ 25 ಮೀಟರ್ ಸೆಂಟರ್ ಫೈರ್ ವಿಭಾಗದಲ್ಲಿ ವಿಶ್ವದ ನುರಿತ ಗುರಿಕಾರರು ಇಂದಿಗೂ ನೆಚ್ಚಿಕೊಂಡಿರುವುದು ಪಾಯಿಂಟ್ 32 ಉದ್ದ ಗುಂಡನ್ನೇ. ಹಿನ್ನೊದೆತ ಕಡಿಮೆ ಇರುವುದರಿಂದ ಎರಡನೆಯ ಗುಂಡಿಗೆ ಗುರಿ ಬೇಗ ಮರಳುತ್ತದೆ ಎಂಬುದೇ ಇದಕ್ಕೆ ಕಾರಣ.

ಅಂಗಡಿಯಲ್ಲಿ ಇರುವುದೇನು?

ವಿದೇಶಿ ಬಂದೂಕುಗಳ ಆಮದು ಸಾಮಾನ್ಯ ನಾಗರಿಕರಿಗೆ 1980ರ ದಶಕದ ಮಧ್ಯಭಾಗದಿಂದ ಬಹುತೇಕ ಬಂದ್ ಆಗಿದೆ. ಹೆಸರಾಂತ ಶೂಟರ್‌ಗಳಿಗೆ ಮಾತ್ರ ವಿನಾಯಿತಿ ಇದೆ. ಇದರ ಪರಿಣಾಮ ವಿಚಿತ್ರವಾಗಿದೆ. ದಶಕಗಳ ಹಿಂದೆ ದೇಶದೊಳಕ್ಕೆ ಬಂದ ವಾಲ್ಥರ್, ವೆಬ್ಲಿ, ಬ್ರೌನಿಂಗ್ ಮುಂತಾದ ಹಳೆಯ ಆಯುಧಗಳು ಪರವಾನಗಿದಾರರ ನಡುವೆ ಹಲವು ಲಕ್ಷ ರೂಪಾಯಿಗೆ ಕೈ ಬದಲಾಗುತ್ತವೆ. ಸ್ಪ್ರಿಂಗ್ ಸವೆದಿರಲಿ, ಬಿಡಿಭಾಗ ಸಿಗದಿರಲಿ, ‘ವಿದೇಶಿ’ ಎಂಬ ಮುದ್ರೆಗೆ ಬೆಲೆ. ಗುಣಮಟ್ಟಕ್ಕೂ ಪ್ರತಿಷ್ಠೆಗೂ ಇರುವ ವ್ಯತ್ಯಾಸ ಇಲ್ಲಿ ಮಸುಕಾಗುತ್ತದೆ.

ಸ್ವದೇಶಿ ಆಯುಧಗಳ ಪೈಕಿ ಸರ್ಕಾರಿ ಕಾರ್ಖಾನೆಗಳ ಪಾಯಿಂಟ್ 32 ರಿವಾಲ್ವರ್ ಮತ್ತು ‘ಅಶನಿ’ ಪಿಸ್ತೂಲು ಹಳೆಯ ಹೆಸರುಗಳು. 2012ರ ದೆಹಲಿ ಅತ್ಯಾಚಾರ ಪ್ರಕರಣದ ಬಳಿಕ 2014ರಲ್ಲಿ ಕಾನ್ಪುರದಿಂದ ‘ನಿರ್ಭೀಕ್’ ಎಂಬ ರಿವಾಲ್ವರ್ ಹೊರಬಂತು. ಮಹಿಳೆಯರ ಕೈಚೀಲಕ್ಕೆ ಹೊಂದುವಂತೆ ಕೇವಲ 500 ಗ್ರಾಂ ತೂಕವಿದ್ದ ಅದರ ಬೆಲೆ ಆಗ ಸುಮಾರು 1.22 ಲಕ್ಷ ರೂಪಾಯಿ. ರಾತ್ರಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಆ ಬೆಲೆಯೂ ಎಟುಕದು, ಪರವಾನಗಿಯೂ ಎಟುಕದು ಎಂಬ ಟೀಕೆ ಅಂದೇ ಎದುರಾಗಿತ್ತು.

2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಫ್ಯಾಕ್ಟರಿ ಮಂಡಳಿ ವಿಸರ್ಜನೆಗೊಂಡು 7 ಕಂಪನಿಗಳಾದ ಮೇಲೆ ಸಣ್ಣ ಆಯುಧಗಳ ಹೊಣೆ ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಸಂಸ್ಥೆಯ ಪಾಲಾಯಿತು. ಅದು 2023ರ ಆಗಸ್ಟ್‌ನಲ್ಲಿ ‘ಪ್ರಬಲ್’ ರಿವಾಲ್ವರ್ ಬಿಡುಗಡೆ ಮಾಡಿ, 50 ಮೀಟರ್‌ವರೆಗೆ ಗುರಿ ಮುಟ್ಟಬಲ್ಲುದೆಂದು ಪ್ರಚಾರ ನೀಡಿತು. ಖಾಸಗಿ ವಲಯಕ್ಕೂ ಬಾಗಿಲು ತೆರೆದಿದ್ದು, ಬ್ರಿಟನ್ನಿನ ಹಳೆಯ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ ರಿವಾಲ್ವರ್‌ಗಳು ಉತ್ತರ ಪ್ರದೇಶದ ಸಂಡೀಲಾದಲ್ಲಿ ತಯಾರಾಗತೊಡಗಿವೆ.

50 ಮೀಟರ್ ಎಂಬ ಅಂಕಿ ಜಾಹೀರಾತಿಗೆ ಚೆಂದ. ಆದರೆ ಸಾಮಾನ್ಯ ಮನೆಯ ಹಜಾರದ ಉದ್ದ 5-6 ಮೀಟರ್ ದಾಟುವುದಿಲ್ಲ. 50 ಮೀಟರ್ ಆಚೆ ಇರುವ ವ್ಯಕ್ತಿಯಿಂದ ಜೀವಕ್ಕೆ ತಕ್ಷಣದ ಅಪಾಯವಿತ್ತೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡುವುದು ಅಷ್ಟು ಸುಲಭವಲ್ಲ.

ಒಳ್ಳೆಯದು ಎಂದರೆ ಯಾವುದು?

ಹಾಗಾದರೆ ಗುಣಮಟ್ಟವನ್ನು ಅಳೆಯುವುದು ಹೇಗೆ? ರೇಂಜ್ ಕೇಳುವ ಗುಣಗಳು ಬೇರೆ, ಮನೆ ಕೇಳುವ ಗುಣಗಳು ಬೇರೆ. ರೇಂಜ್‌ಗೆ ತುಸು ಭಾರವಾದ, ಉದ್ದ ನಳಿಗೆಯ ಆಯುಧ ಅನುಕೂಲ. ಮುಂದಿನ ಮತ್ತು ಹಿಂದಿನ ಗುರಿಕಿಂಡಿಗಳ ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಕಣ್ಣಿಗೆ ಬೇಗ ಕಾಣಿಸುತ್ತದೆ. ಟ್ರಿಗರ್ ಹಗುರವಾಗಿರಬೇಕು. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲ್‌ನಲ್ಲಿ ಕನಿಷ್ಠ 1,000 ಗ್ರಾಂ ಒತ್ತಡ ಸಾಕು.

ಮನೆಯಲ್ಲಿಡುವ ಆಯುಧಕ್ಕೆ ಅಷ್ಟು ಹಗುರ ಟ್ರಿಗರ್ ಅಪಾಯಕಾರಿ. ಗಾಬರಿಯಲ್ಲಿ ಬಿಗಿದುಕೊಂಡ ಬೆರಳು ತಿಳಿಯದೆಯೇ ಅದನ್ನು ಒತ್ತಿಬಿಡಬಹುದು. ಕೆಳಗೆ ಬಿದ್ದರೂ ಗುಂಡು ಹಾರದಂತಹ ಒಳಗಿನ ತಡೆ, ಕತ್ತಲಲ್ಲೂ ಬೆರಳಿಗೆ ಸಿಗುವ ಸುರಕ್ಷತಾ ಕೀಲಿ, ಪ್ರತಿ ಸಲವೂ ತಪ್ಪದೆ ಗುಂಡು ಒಳಸೇರುವ ವಿಶ್ವಾಸಾರ್ಹತೆ ಇಲ್ಲಿ ಮುಖ್ಯ.

ರಿವಾಲ್ವರ್ ಮತ್ತು ಪಿಸ್ತೂಲುಗಳ ನಡುವಿನ ಆಯ್ಕೆಯೂ ಇದೇ ತೂಗುಗತ್ತಿಯ ಮೇಲೆ ನಿಂತಿದೆ. ರಿವಾಲ್ವರ್‌ನಲ್ಲಿ ಸಾಮಾನ್ಯವಾಗಿ 6 ಗುಂಡು. ಒಂದು ಗುಂಡು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ, ಗುಂಡು ತುಂಬಿದೆಯೇ ಎಂಬುದನ್ನು ಸುತ್ತುಗೂಡು ತೆರೆದು ಒಂದೇ ನೋಟದಲ್ಲಿ ತಿಳಿಯಬಹುದು. ಆದರೆ ಕುದುರೆ ಎಳೆಯದೆ ನೇರವಾಗಿ ಗುಂಡು ಹಾರಿಸುವಾಗ ಅದರ ಟ್ರಿಗರ್‌ಗೆ ಹಲವು ಕಿಲೊ ಒತ್ತಡ ಬೇಕು, ಅಭ್ಯಾಸವಿಲ್ಲದ ಕೈ ಗುರಿಯಿಂದ ಸರಿದುಹೋಗುತ್ತದೆ. ಪಿಸ್ತೂಲು ಚಪ್ಪಟೆ, ಗುರಿ ಸುಲಭ. ಆದರೆ ಶುಚಿಗೊಳಿಸದಿದ್ದರೆ ಗುಂಡು ಸಿಕ್ಕಿಹಾಕಿಕೊಳ್ಳುತ್ತದೆ. ಮ್ಯಾಗಜಿನ್ ತೆಗೆದ ಮೇಲೂ ನಳಿಗೆಯಲ್ಲೊಂದು ಗುಂಡು ಉಳಿದಿರಬಹುದೆಂಬ ಸಂಗತಿ ಮರೆತವರಿಂದ ಅನೇಕ ಅನಾಹುತಗಳು ಸಂಭವಿಸಿವೆ. ಅತಿ ಹಗುರವಾದ ಆಯುಧ ಕೈಯಲ್ಲಿ ಹೆಚ್ಚು ಒದೆಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಈ ಗುಣಗಳಲ್ಲಿ ಯಾವುದೂ ಕೋಷ್ಟಕ ನೋಡಿ ತಿಳಿಯುವಂಥದ್ದಲ್ಲ. ಪರೀಕ್ಷಾ ಮುದ್ರೆ ಇರುವ ಆಯುಧವನ್ನು ಕೈಯಲ್ಲಿ ಹಿಡಿದು, ಅನುಭವಿಗಳ ಸಮ್ಮುಖದಲ್ಲಿ ರೇಂಜ್‌ನಲ್ಲಿ ಹಾರಿಸಿ ನೋಡಿದಾಗ ಮಾತ್ರ ಅದರ ಯೋಗ್ಯತೆ ಅರಿವಿಗೆ ಬರುತ್ತದೆ.

ಹೊಸ್ತಿಲಲ್ಲಿ ಆ ಕೆಲವು ಕ್ಷಣ

ಮನೆಯ ರಕ್ಷಣೆಯ ವಾದವನ್ನು ಪರಿಶೀಲಿಸಲು ಕರ್ನಾಟಕಕ್ಕೆ ಎರಡು ನೋವಿನ ದಿನಗಳ ನೆನಪು ಸಾಕು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಕೆಯಾದುದು ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಅದರ ಬೋರ್ 7.65 ಮಿ.ಮೀ., ಅಂದರೆ ಪರವಾನಗಿದಾರರಿಗೆ ಸಿಗುವ ಪಾಯಿಂಟ್ 32ರಷ್ಟೇ.

ಈ ಪ್ರಕರಣಗಳು ಎರಡು ಸಂಗತಿ ಹೇಳುತ್ತವೆ. ಮೊದಲನೆಯದು, ಕೊಲ್ಲಲು ಬಂದವನಿಗೆ ಪರವಾನಗಿ ಬೇಕಿಲ್ಲ. ದೇಶದಲ್ಲಿ ಪೊಲೀಸರು ವಶಪಡಿಸಿಕೊಳ್ಳುವ ಬಂದೂಕುಗಳಲ್ಲಿ ಬಹುಪಾಲು ಪರವಾನಗಿ ಇಲ್ಲದ ನಾಡ ಆಯುಧಗಳೇ ಆಗಿರುತ್ತವೆ. ಎರಡನೆಯದು, ದಾಳಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಒಳಕೋಣೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಪಿಸ್ತೂಲು ಆ ಕ್ಷಣದಲ್ಲಿ ಹೊಸ್ತಿಲಿಗೆ ಬರುವುದಿಲ್ಲ. ಬೀಗ ಹಾಕದೆ, ಗುಂಡು ತುಂಬಿ, ದಿಂಬಿನ ಕೆಳಗೆ ಇಟ್ಟುಕೊಂಡರೆ ಅದು ಮೊದಲು ಸಿಗುವುದು ಮನೆಯ ಮಗುವಿನ ಕೈಗೆ.

ರಾತ್ರಿ ಕಳ್ಳ ನುಗ್ಗಿದ ಸಂದರ್ಭದಲ್ಲೂ ತೊಡಕುಗಳು ಇಲ್ಲದಿಲ್ಲ. ಗುರಿ ತಪ್ಪಿದ ಗುಂಡು ಮರದ ಬಾಗಿಲು, ತೆಳು ವಿಭಜಕ ಗೋಡೆ, ಕಿಟಕಿಗಳನ್ನು ದಾಟಿ ಪಕ್ಕದ ಕೋಣೆಗೋ ಎದುರು ಫ್ಲ್ಯಾಟ್‌ಗೋ ಹೋಗಬಹುದು. ಮುಚ್ಚಿದ ಕೋಣೆಯಲ್ಲಿ 140 ಡೆಸಿಬಲ್ ಮೀರುವ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಕತ್ತಲಲ್ಲಿ ನೀರು ಕುಡಿಯಲು ಎದ್ದ ಮಗ ಯಾರು, ಹೊರಗಿನವ ಯಾರು ಎಂದು ತಿಳಿಯದೆ ಎಳೆದ ಟ್ರಿಗರ್‌ಗೆ ಪರಿಹಾರವಿಲ್ಲ.

ಕಾನೂನು ಇಲ್ಲಿ ಮನೆಯವರ ಪರವಾಗಿ ಇಲ್ಲವೆಂದಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಜೀವಕ್ಕೆ ಅಪಾಯ, ಅತ್ಯಾಚಾರ, ಆಸಿಡ್ ದಾಳಿಯಂತಹ ಸಂದರ್ಭಗಳಲ್ಲಿ, ಹಾಗೆಯೇ ದರೋಡೆ, ಸೂರ್ಯಾಸ್ತದ ಬಳಿಕ ಮತ್ತು ಸೂರ್ಯೋದಯಕ್ಕೆ ಮುನ್ನ ಮನೆಗೆ ಕನ್ನ ಹಾಕುವಂತಹ ಸಂದರ್ಭಗಳಲ್ಲಿ ಈ ಹಕ್ಕು ದಾಳಿಕೋರನ ಸಾವಿನವರೆಗೂ ವಿಸ್ತರಿಸಬಲ್ಲದು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಉಳಿಯುವುದಿಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದ ಗುಂಡು ಮನೆ ಮಾಲೀಕನನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಹುದು. 112ಕ್ಕೆ ಕರೆ ಮಾಡಲು ಅವಕಾಶವಿತ್ತೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ತಪ್ಪದೆ ಏಳುತ್ತದೆ.

ಅಪಾಯ ಯಾರಿಗೆ?

ಮನೆಯಲ್ಲಿ ಬಂದೂಕು ಇರುವುದರಿಂದ ಸುರಕ್ಷತೆ ಹೆಚ್ಚುವುದೇ ಎಂಬ ಪ್ರಶ್ನೆಗೆ, ಬಂದೂಕು ಅತಿ ಹೆಚ್ಚಾಗಿರುವ ಅಮೆರಿಕದ ಅನುಭವ ಎಚ್ಚರಿಕೆಯ ಉತ್ತರ ನೀಡುತ್ತದೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಂದೂಕು ಇರುವ ಮನೆಗಳಲ್ಲಿ ಕೊಲೆಯ ಸಂಭವ 2.7 ಪಟ್ಟು ಹೆಚ್ಚೆಂದು ಕಂಡುಕೊಂಡಿತ್ತು. ಅದರ ವಿಧಾನದ ಬಗ್ಗೆ ಬಂದೂಕು ಪರ ಸಂಘಟನೆಗಳು ಆಕ್ಷೇಪ ಎತ್ತಿದ್ದುಂಟು. ಅದೇ ನಿಯತಕಾಲಿಕೆಯಲ್ಲಿ 2020ರಲ್ಲಿ ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರ ದಾಖಲೆ ಆಧರಿಸಿದ ಅಧ್ಯಯನ ಪ್ರಕಟವಾಯಿತು. ಕೈಬಂದೂಕು ಹೊಂದಿದ ಪುರುಷರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ, ಹೊಂದಿಲ್ಲದವರಿಗಿಂತ ಸುಮಾರು 8 ಪಟ್ಟು, ಮಹಿಳೆಯರಲ್ಲಿ ಸುಮಾರು 35 ಪಟ್ಟು ಹೆಚ್ಚಿತ್ತು.

ಅಂಕಿಗಳು ಅಮೆರಿಕದವಾದರೂ ಮನುಷ್ಯನ ಮನಸ್ಸು ಎಲ್ಲೆಡೆಯೂ ಒಂದೇ. ಸಾಲ, ಕುಡಿತ, ದಾಂಪತ್ಯ ಕಲಹ, ಖಿನ್ನತೆ ಇರುವ ಮನೆಯಲ್ಲಿ ಕೈಗೆಟುಕುವ ಪಿಸ್ತೂಲು ಒಂದು ಕ್ಷಣದ ಆವೇಶವನ್ನು ಹಿಂತಿರುಗಿಸಲಾಗದ ಕೃತ್ಯವಾಗಿಸುತ್ತದೆ. ಕಳ್ಳ ಎಂದೋ ಒಮ್ಮೆ ಬರಬಹುದು, ಬಾರದೆಯೂ ಇರಬಹುದು. ಮನೆಯವರು ಆ ಆಯುಧದೊಂದಿಗೆ ವರ್ಷದ 365 ದಿನವೂ ಬದುಕಬೇಕಾಗುತ್ತದೆ.

ಮೊದಲು ರೇಂಜ್, ಬಳಿಕ ಪಿಸ್ತೂಲು

ಈ ಎಲ್ಲ ಎಳೆಗಳು ಸೇರುವುದು ಅಭ್ಯಾಸದ ಬಳಿ. ಪಿಸ್ತೂಲು ಬಂದೂಕುಗಳಲ್ಲೇ ಕಲಿಯಲು ಕಠಿಣವಾದುದು. ಭುಜದ ಆಸರೆ ಇಲ್ಲದ ಗಿಡ್ಡ ನಳಿಗೆಯಲ್ಲಿ ಮಣಿಕಟ್ಟಿನ ಸಣ್ಣ ಅಲುಗಾಟವೂ ಗುರಿಯನ್ನು ಕೆಡಿಸುತ್ತದೆ. 2016ರ ನಿಯಮಗಳು ಸುರಕ್ಷಿತ ಬಳಕೆ ಮತ್ತು ಸಂಗ್ರಹಣೆಯ ತರಬೇತಿ ಪಡೆದ ಪ್ರಮಾಣಪತ್ರವನ್ನು ಕೇಳುತ್ತವೆ. ಅದು ಮೊದಲ ಮೆಟ್ಟಿಲು ಮಾತ್ರ. ಪರವಾನಗಿಯಲ್ಲಿ ಒಂದು ಬಾರಿಗೆ ಎಷ್ಟು ಗುಂಡು, ವರ್ಷಕ್ಕೆ ಎಷ್ಟು ಗುಂಡು ಎಂಬ ಮಿತಿ ನಮೂದಾಗಿರುತ್ತದೆ. ಗುಂಡುಗಳೂ ದುಬಾರಿ. ಪರಿಣಾಮವಾಗಿ, ವರ್ಷಗಟ್ಟಲೆ ಒಂದು ಗುಂಡನ್ನೂ ಹಾರಿಸದ ಪರವಾನಗಿದಾರರಿಗೆ ಕೊರತೆಯಿಲ್ಲ. ಬೀರುವಿನಲ್ಲಿ ಆಯುಧಕ್ಕೆ ತುಕ್ಕು, ಕೈಗೆ ಮರೆವು.

ಇದಕ್ಕೆ ಪರಿಹಾರದ ದಾರಿಗಳೂ ಇವೆ. ಪಾಯಿಂಟ್ 177 ಬೋರಿನ, 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. 10 ಮೀಟರ್ ದೂರದಲ್ಲಿ 11.5 ಮಿ.ಮೀ. ಅಗಲದ ಹತ್ತರ ವೃತ್ತಕ್ಕೆ ಗುರಿ ಇಡುವ ಈ ಕ್ರೀಡೆ ಉಸಿರು, ದೃಷ್ಟಿ, ಬೆರಳುಗಳ ಹಿಡಿತವನ್ನು ಕಲಿಸುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಗೆದ್ದ ಎರಡೂ ಕಂಚು ಬಂದುದು 10 ಮೀಟರ್ ಏರ್ ಪಿಸ್ತೂಲಿನಲ್ಲೇ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದುದೂ ಇದರಲ್ಲೇ. ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವ, ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಸಾಮಾನ್ಯರಿಗೂ ಎಟುಕುವಂಥವು.

ಕೊಡಗಿನ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷ್ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಮನೆಯ ಆಚಾರದ ಭಾಗ. ಕೈಲ್‌ಪೊಳ್ದ್ ದಿನ ಅದಕ್ಕೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ, ಮಕ್ಕಳು ಹಿರಿಯರ ಕಣ್ಣೆದುರು ಅದರ ಮರ್ಯಾದೆ ಕಲಿಯುತ್ತಾರೆ. ನಗರದ ಫ್ಲ್ಯಾಟ್‌ಗೆ ಪಿಸ್ತೂಲು ಬರಬಹುದು, ಆ ಪರಂಪರೆ ಅದರೊಂದಿಗೆ ಬರುವುದಿಲ್ಲ.

ಇನ್ನೊಂದು ವಾಸ್ತವವೂ ಇದೆ. ಚುನಾವಣೆ ಘೋಷಣೆಯಾದೊಡನೆ ಪರವಾನಗಿದಾರರು ಆಯುಧವನ್ನು ಠಾಣೆಗೋ ಅಧಿಕೃತ ಮಾರಾಟಗಾರರಿಗೋ ಒಪ್ಪಿಸಬೇಕೆಂಬ ಸೂಚನೆ ಹೊರಡುತ್ತದೆ. ಪರಿಶೀಲನಾ ಸಮಿತಿ ವಿನಾಯಿತಿ ನೀಡದ ಹೊರತು ಆ ವಾರಗಳಲ್ಲಿ ಮನೆಯನ್ನು ಕಾಯುವುದು ಗಟ್ಟಿ ಬಾಗಿಲು, ಬೆಳಕು, ನಾಯಿ, ನೆರೆಹೊರೆ ಮತ್ತು ದೂರವಾಣಿ ಮಾತ್ರ. ಉಳಿದ ದಿನಗಳಲ್ಲೂ ಮೊದಲ ಕಾವಲು ಅವುಗಳದೇ.

ನೈಜ ಬೆದರಿಕೆ ಎದುರಿಸುತ್ತಿರುವವರು, ನಿರ್ಜನ ಎಸ್ಟೇಟಿನಲ್ಲಿ ವಾಸಿಸುವವರು ಪಿಸ್ತೂಲು ಬೇಕೆನ್ನುವುದರಲ್ಲಿ ತಪ್ಪೇನಿಲ್ಲ. ಕಾನೂನೂ ಅವರಿಗೆ ದಾರಿ ಇಟ್ಟಿದೆ. ಅಂತಹವರು ಅಂಗಡಿಗೆ ಹೋಗುವ ಮೊದಲು ಒಂದು ವರ್ಷ ರೇಂಜ್‌ಗೆ ಹೋಗಿ ಬರಲಿ. ಆ ವರ್ಷದಲ್ಲಿ ತಮ್ಮ ಕೈಗೆ ಯಾವುದು ಹೊಂದುವುದೆಂಬುದು ತಾನಾಗಿಯೇ ತಿಳಿಯುತ್ತದೆ. ರೇಂಜ್‌ಗೆ ಹೋಗಲು ಬಿಡುವಿಲ್ಲ ಎನ್ನುವವರಿಗೂ ಅದೇ ಉತ್ತರ ದೊರೆತಂತಾಯಿತು: ಅಭ್ಯಾಸಕ್ಕೆ ಬಿಡುವಿಲ್ಲದ ಮನೆಗೆ ಪಿಸ್ತೂಲು ತಕ್ಕುದಲ್ಲ, ಅದು ಎಷ್ಟೇ ಒಳ್ಳೆಯದಾಗಿದ್ದರೂ.